ಮೈನಸ್ಸು

ಹಿಯುಮಾ ದ್ವೀಪದ ಪೆಟ್ರೋಲ್ ಬಂಕೊಂದು ಮುಚ್ಚಿದ ವರ್ಷ
ಗುಜರಿಗೆ ಹೊರಟಿದ್ದ ಪಂಪಿನ ಹೊಟ್ಟೆಯಿಂದ
ಒಂದು ಗಾಜನ್ನು ಕಿತ್ತು ತಂದೆ.
ಮೂರು ಅಂಕಿ, ಒಂದೊಂದಕ್ಕೂ ಏಳು ಕಡ್ಡಿ.
ಕರೆಂಟಿಲ್ಲದಾಗ ಬರೀ ಬೂದು.
ಓರೆ ಹಿಡಿದರೆ ಕಡ್ಡಿಗಳು ಕಂಡೂ ಕಾಣದ ಹಾಗೆ,
ಒರೆಸಿದ ಸ್ಲೇಟಿನಲ್ಲಿ ಉಳಿದ ಲೆಕ್ಕದಂತೆ.

ನಾನು ಹೆಲ್ತೆರ್ಮಾ ದೋಣಿಕಟ್ಟೆಯ ಟಿಕೆಟ್ ಕಿಟಕಿಯವಳು.
ಕಡಲ ಮಂಜುಗಡ್ಡೆಗೆ ತೂತು ಕೊರೆದು
ಬೆಳಬೆಳಿಗ್ಗೆ ಮುಳುಗೇಳುವ ಹನ್ನೊಂದು ಮಂದಿಗೆ
ಗಾಳಿಯ ಚಳಿ ಹೇಳುವ ಯಂತ್ರ ಮಾಡಿಕೊಡುತ್ತೇನೆಂದು
ಬಾಯಿಬಿಟ್ಟು ಸಿಕ್ಕಿಬಿದ್ದಿದ್ದೆ.

ಎಲ್‌ಇಡಿ ಅಂಕಿಗಳನ್ನು ಉರಿಸಿ ಪಳಗಿದ ಕೈ.
ಇದೇನು ಮಹಾ ಎಂದುಕೊಂಡು
ಗಾಜಿನ ಬೆನ್ನಹಲಗೆಗೆ ಬ್ಯಾಟರಿಯ ಋಣ,
ಕಡ್ಡಿಗೆ ಧನ.
ಮೂಡಿತು: ಮೈನಸ್ ಒಂಬತ್ತು.
ಕಾಡಿಗೆ ತೀಡಿದಷ್ಟು ಕಪ್ಪು.
ಟವೆಲು ಹೊದ್ದವರು ನಡುಗುತ್ತಲೇ ಚಪ್ಪಾಳೆ ತಟ್ಟಿದರು.

ಮೂರನೆಯ ವಾರ ಮೈನಸ್ಸು ಮಾಸಿತು.
ನಾಲ್ಕನೆಯ ವಾರ ಇಲ್ಲವೇ ಇಲ್ಲ.
ಮೊಣಕಾಲುದ್ದ ಹಿಮದಲ್ಲಿ ನಿಂತು
ಗಾಜು ನಿರ್ವಿಕಾರವಾಗಿ ಹೇಳುತ್ತಿತ್ತು:
ಹದಿನಾಲ್ಕು.
'ಓಹೋ, ಬೇಸಿಗೆ ಬಂತು,' ಎಂದ ಎಂಡೆಲ್,
ಕಟಕಟ ಹಲ್ಲು ಕಡಿಯುತ್ತ.

ಲೈಡಾಳ ಹತ್ತಿರ ಹೋದೆ. ಶಾಲೆಯ ನೆಲಮಾಳಿಗೆಯಲ್ಲಿ
ರೇಡಿಯೊ ಕೂಟ ನಡೆಸುವವಳು.
ಪುಸ್ತಕಕ್ಕೂ ಬೆಸುಗೆಗೂ ಅದೇ ಒಂದು ಕನ್ನಡಕ.
ಗಾಜನ್ನು ಬಲ್ಬಿನೆದುರು ಹಿಡಿದು ಕೇಳಿದಳು:
'ಏನು ತಿನ್ನಿಸಿದೆ ಇದಕ್ಕೆ?'
'ಮೂರು ವೋಲ್ಟು.'
'ಅದಲ್ಲ. ಯಾವ ಕಡೆಯಿಂದ?'

ನಾನು ಸುಮ್ಮನಿದ್ದೆ.

'ಇದು ದೀಪವಲ್ಲ ಮಾರಾಯ್ತಿ.
ಒಳಗಿರುವುದು ಹರಿಯಲೋ ನಿಲ್ಲಲೋ ಎನ್ನುವ ಒಂದು ದ್ರವ.
ಒಂದೇ ದಿಕ್ಕಿಗೆ ನೂಕುತ್ತ ಕೂತರೆ ಕೆಟ್ಟುಹೋಗುತ್ತದೆ.
ಸೆಕೆಂಡಿಗೆ ಮೂವತ್ತೆರಡು ಸಲ
ಧನವನ್ನು ಋಣ ಮಾಡು, ಋಣವನ್ನು ಧನ.
ಕೊಟ್ಟದ್ದಷ್ಟನ್ನೂ ಮರುಗಳಿಗೆಗೆ ವಾಪಸು ಪಡೆ.
ಕೂಡಿ ಕಳೆದರೆ ಸೊನ್ನೆ ಬರಬೇಕು,
ಅಷ್ಟೇ ಇದರ ಆರೋಗ್ಯ.'

ಹಲಗೆಯ ತಾಳಕ್ಕೇ ಹೆಜ್ಜೆ ಹಾಕುವ ಕಡ್ಡಿ
ಕಣ್ಣಿಗೆ ಬೀಳುವುದಿಲ್ಲ.
ಎದುರುತಾಳ ಹಿಡಿದದ್ದು ಕಪ್ಪಾಗುತ್ತದೆ.
ಅವಳು ಸಿಗರೇಟ್ ಪೊಟ್ಟಣದ ಮೇಲೆ ಬರೆದು ತೋರಿಸಿದಳು,
ಎರಡು ಚೌಕಾಕಾರದ ಅಲೆ, ಒಂದರ ಕೆಳಗೊಂದು.
ಆಗ ಹೊಳೆಯಿತು ಮೈನಸ್ಸೇ ಮೊದಲು ಸತ್ತದ್ದೇಕೆಂದು.
ಮಿಕ್ಕ ಕಡ್ಡಿಗಳು ಅಂಕಿ ಬದಲಾದಾಗ ಉಸಿರು ತೆಗೆದುಕೊಂಡವು.
ಡಿಸೆಂಬರಿನಿಂದ ಅದಕ್ಕೆ
ಒಂದು ಗಳಿಗೆಯ ಬಿಡುವಿರಲಿಲ್ಲ.

ಹದಿನೈದು ಕಡ್ಡಿಗೆ ಹದಿನೈದು ಗೇಟು.
ನಾಲ್ಕು ಚಿಪ್ಪು ತಂದೆ, ಒಂದು ಗೇಟು ಮಿಕ್ಕಿತು.
ಕೆಲಸವಿಲ್ಲದ್ದು ಗಾಳಿಗೆ ಬಾಯಿಬಿಟ್ಟು ಕೂರಬಾರದೆಂದು
ಅದರ ಕಿವಿಗಳೆರಡನ್ನೂ ನೆಲಕ್ಕೆ ಕಟ್ಟಿದೆ.
ಜೀಬ್ರಾ ರಬ್ಬರನ್ನು ಸ್ಪಿರಿಟ್ಟಿನಲ್ಲಿ ಒರೆಸಿ
ಗಾಜಿನಂಚಿಗೆ ಒತ್ತಿದೆ. ಎರಡು ಸಲ ಜಾರಿತು.
ಬೆರಳು ಸುಟ್ಟದ್ದು ಒಂದೇ ಸಲ.

ಮತ್ತೆ ಕಟ್ಟೆಗೆ ಏರಿದ ದಿನ ಮೈಕೊರೆಯುವ ಚಳಿ.
ದ್ರವಕ್ಕೂ ಮೈಗಳ್ಳತನ.
ಎರಡು ಎದ್ದುಹೋಗುವ ಮೊದಲೇ ಮೂರು ಬಂದು
ಅರೆಗಳಿಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು.
ಆಮೇಲೆ ಸ್ಪಷ್ಟವಾಯಿತು:
ಇಪ್ಪತ್ತಮೂರು.
ಮೈನಸ್ಸಿಲ್ಲ.
ಸತ್ತದ್ದು ತಾಳ ಕೇಳಿ ಎದ್ದು ಬರಲಿಲ್ಲ.

ಹೆಲ್ಗಿ ಏನೂ ಹೇಳದೆ
ಈಜುಚೀಲದ ತಳದಿಂದ ಉಗುರುಬಣ್ಣ ಹುಡುಕಿ,
ಶೀಶೆಯನ್ನು ಕಂಕುಳಲ್ಲಿಟ್ಟು ಬಿಸಿಮಾಡಿ,
ಅಂಕಿಯ ಎಡಕ್ಕೆ ಒಂದು ಗೆರೆ ಎಳೆದಳು.
ಕೆಂಪು. ತುಸು ಡೊಂಕು.
ಎಂಡೆಲ್ ಓದಿ, ತೃಪ್ತನಾಗಿ, ನೀರಿಗಿಳಿದ.

ಏಪ್ರಿಲ್. ಮಂಜುಗಡ್ಡೆ ಕರಗಿ ತೂತು ಕಡಲಾಗಿದೆ.
ಗಾಜಿನಲ್ಲಿ ನಾಲ್ಕು,
ಅದರ ಪಕ್ಕ ಕೆಂಪು ಸುಳ್ಳು.
ಉಗುರಿನಿಂದ ಕೆರೆದೆ. ಅರ್ಧ ಬಂತು.
ಉಳಿದರ್ಧಕ್ಕೆ ಬ್ಲೇಡು ತೆಗೆದರೆ
ಹೆಲ್ಗಿ ತಲೆ ಒರೆಸಿಕೊಳ್ಳುತ್ತ ಹೇಳಿದಳು:
'ಇರಲಿ ಬಿಡು.
ನವೆಂಬರ್ ಏನು ದೂರವೇ?'